ಕ್ಯಾಲ್ಕುಲೇಟರಿನ ಎಂಟಕ್ಕೆ ಐದು ಓದು ಏಕೆ?

ಪ್ರಶ್ನೆ: ನನಗೆ 34 ವರ್ಷ. ತುಮಕೂರಿನ ಹತ್ತಿರ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಜಪಾನಿನಿಂದ ಬರುವ ಕಾಗದಪತ್ರ ಓದಲು ಬಂದರೆ ಸಾಕು ಎಂದು ಎಂಟು ತಿಂಗಳಿಂದ ವಾರಾಂತ್ಯದ ತರಗತಿಗೆ ಹೋಗುತ್ತಿದ್ದೇನೆ. ಉಚ್ಚಾರಣೆ ಬರೆಯುವ ಎರಡು ಲಿಪಿಗಳಾದ ಹಿರಗಾನ, ಕತಕಾನ ಸಲೀಸಾಗಿ ಬಂದವು. ಚೀನಾದಿಂದ ಬಂದ ಅರ್ಥಾಕ್ಷರಗಳಾದ ಕಾಂಜಿಯಲ್ಲಿ ಮಾತ್ರ ಮೊದಲ ವಾರವೇ ಮುಗ್ಗರಿಸಿದೆ. ಸೂರ್ಯ, ದಿನ ಎಂಬ ಅರ್ಥದ ಅಕ್ಷರಕ್ಕೆ ನಿಚಿ, ಜಿತ್ಸು, ಹಿ, ಬಿ, ಕ ಎಂದು ಐದು ಓದುಗಳನ್ನು ಬಾಯಿಪಾಠ ಮಾಡಿ ನೂರು ಸಲ ಬರೆದೆ. ಆದರೂ ‘ಇವತ್ತು’ ಎಂಬ ಪದವನ್ನು ‘ಕೊನ್ನಿಚಿ’ ಎಂದು ಓದಿದರೆ ತಪ್ಪಂತೆ, ‘ಕ್ಯೋ’ ಅನ್ನಬೇಕಂತೆ. ನನ್ನ ಐದರಲ್ಲಿ ಅದು ಇಲ್ಲವೇ ಇಲ್ಲ. ಹುಟ್ಟಿದ ತಾರೀಖು ಕೇಳಿದಾಗ 20ಕ್ಕೆ ‘ನಿಜೂನಿಚಿ’ ಎಂದೆ, ತರಗತಿಯೇ ನಕ್ಕಿತು. ನಾಲ್ಕು ಗೆರೆಯ ಅಕ್ಷರವೇ ಹೀಗಾದರೆ ಎರಡು ಸಾವಿರ ಅಕ್ಷರ ಕಲಿಯುವುದು ಹೇಗೆ? ನನಗೆ ವಯಸ್ಸಾಯಿತೇ? ಒಬ್ಬರು ಬರೆಯುವುದನ್ನು ಬಿಟ್ಟು ಆ್ಯಪ್ ಹಿಡಿ ಅನ್ನುತ್ತಾರೆ, ಇನ್ನೊಬ್ಬರು ಚಿತ್ರಕಥೆಗಳಿಂದ ಕಲಿ ಅನ್ನುತ್ತಾರೆ. ಡಿಸೆಂಬರಿನಲ್ಲಿ ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತವಾದ ಎನ್5ಕ್ಕೆ ಕೂರಬಹುದೇ?

ಉತ್ತರ: ಮೊದಲು ‘ಕೊನ್ನಿಚಿ’ಯ ವಿಚಾರ ಇತ್ಯರ್ಥ ಮಾಡೋಣ, ಏಕೆಂದರೆ ಅಲ್ಲಿ ನೀವು ಅರ್ಧ ಸರಿ. ‘ಈಗ’ ಎಂಬ ಅಕ್ಷರ, ಪಕ್ಕದಲ್ಲಿ ನಿಮ್ಮ ಸೂರ್ಯನ ಅಕ್ಷರ: ಈ ಜೋಡಿಗೆ ‘ಕೊನ್ನಿಚಿ’ ಎಂಬ ಓದು ನಿಜವಾಗಿಯೂ ಇದೆ. ನೀವು ಮೊದಲ ದಿನ ಕಲಿತ ‘ಕೊನ್ನಿಚಿವ’ ಎಂಬ ನಮಸ್ಕಾರ ಅದೇ ಜೋಡಿಯಿಂದ ಬಂದದ್ದು, ‘ಈ ದಿನವು...’ ಎಂದು ಶುರುವಾಗಿ ಅಲ್ಲಿಗೇ ನಿಂತುಹೋದ ವಾಕ್ಯ ಅದು. ಬಿಗುವಿನ ಬರವಣಿಗೆಯಲ್ಲಿ ‘ಇಂದಿನ ಕಾಲ’ ಎಂಬ ಅರ್ಥದಲ್ಲೂ ಕೊನ್ನಿಚಿ ಬರುತ್ತದೆ. ಬಾಯಿಮಾತಿನ ‘ಇವತ್ತು’ ಮಾತ್ರ ‘ಕ್ಯೋ’. ನಿಮಗೆ ನಕ್ಕವರಿಗೆ ಇದು ಗೊತ್ತಿತ್ತೋ ಇಲ್ಲವೋ!

ನಾನು ಹದಿನೆಂಟು ವರ್ಷದಿಂದ ಬೆಂಗಳೂರಿನಲ್ಲಿ ಜಪಾನಿ ಕಲಿಸುತ್ತಿದ್ದೇನೆ, ಅದಕ್ಕೂ ಮೊದಲು ಕಾರ್ಖಾನೆಗಳಲ್ಲಿ ದುಭಾಷಿಯಾಗಿದ್ದೆ. ಈ ಅಕ್ಷರದ ಮುಂದೆ ತಲೆ ಮೇಲೆ ಕೈಹೊತ್ತು ಕೂತವರನ್ನು ಪ್ರತಿ ತಂಡದಲ್ಲೂ ನೋಡುತ್ತೇನೆ. ನೋಡಲು ಕ್ಯಾಲ್ಕುಲೇಟರಿನ ಎಂಟಿನ ಅಂಕಿಯ ಹಾಗೆ: ನಿಂತ ಕಿಟಕಿ, ನಡುವೆ ಒಂದು ಅಡ್ಡಪಟ್ಟಿ. ಅದನ್ನು ಇಲ್ಲಿ ‘ಕಿಟಕಿ’ ಎಂದೇ ಕರೆಯುತ್ತೇನೆ. ನಿಮ್ಮ ತೊಂದರೆ ವಯಸ್ಸಿನದಲ್ಲ, ಕಲಿತ ಕ್ರಮದ್ದು. ನೀವು ಅಕ್ಷರದ ಓದುಗಳನ್ನು ಕಲಿತಿರಿ. ಅಕ್ಷರಕ್ಕೆ ಓದು ಇರುವುದಿಲ್ಲ, ಪದಕ್ಕಿರುತ್ತದೆ.

ಇದು ವಿಚಿತ್ರ ಅನಿಸಿದರೆ, ನೀವೇ ದಿನಾ ಮಾಡುವ ಒಂದು ಕೆಲಸ ನೆನಪಿಸುತ್ತೇನೆ. ‘2’ ಎಂಬ ಗುರುತು ನೋಡಿ. ‘2 ಕಿಲೋ’ ಎಂದಿದ್ದರೆ ಎರಡು ಕಿಲೋ ಎನ್ನುತ್ತೀರಿ. ‘2 ಜನ’ ಎಂದಿದ್ದರೆ ಇಬ್ಬರು. ‘2 ಪಟ್ಟು’ ಅಂದರೆ ಇಮ್ಮಡಿ. ‘2ನೇ ಪಿಯುಸಿ’ಯನ್ನು ಅಂಕಪಟ್ಟಿಯಲ್ಲಿ ದ್ವಿತೀಯ ಎಂದೂ ಬಾಯಲ್ಲಿ ಸೆಕೆಂಡ್ ಎಂದೂ ಓದುತ್ತೀರಿ. ಎರಡು, ಇಬ್, ಇಮ್, ದ್ವಿ, ಸೆಕೆಂಡ್. ಐದು ಓದು, ಗುರುತು ಒಂದೇ, ಅವು ಬಂದ ಭಾಷೆಗಳು ಮೂರು. ಯಾರೂ ನಿಮಗೆ ‘ಎರಡರ ಓದುಗಳು ಐದು, ಕಂಠಪಾಠ ಮಾಡು’ ಎಂದು ಹೇಳಿರಲಿಲ್ಲ. ಇನ್ನು ‘½’ ಬಂದಾಗ ಅರ್ಧ ಎನ್ನುತ್ತೀರಲ್ಲ, ಆ ಶಬ್ದದಲ್ಲಿ ಒಂದೂ ಇಲ್ಲ, ಎರಡೂ ಇಲ್ಲ. ‘ಕ್ಯೋ’ ಅಂಥದ್ದು. ಎರಡು ಅಕ್ಷರ ಸೇರಿ ಒಂದು ಇಡೀ ಪದದ ಗುರುತಾಗಿವೆ, ಯಾವ ತುಣುಕು ಯಾವ ಅಕ್ಷರದ್ದು ಎಂದು ಒಡೆಯಲು ಬರುವುದಿಲ್ಲ. ‘ನಿನ್ನೆ’ಯ ಕಿನೋ, ‘ನಾಳೆ’ಯ ಅಶಿತ ಕೂಡ ಹೀಗೇ.

ಹಾಗಾದರೆ ಐದು ಎಲ್ಲಿಂದ ಬಂದವು? ಜಪಾನ್ ಸರ್ಕಾರದ ನಿತ್ಯಬಳಕೆಯ ಕಾಂಜಿ ಪಟ್ಟಿಯಲ್ಲಿ 2010ರ ಪರಿಷ್ಕರಣೆಯ ನಂತರ 2136 ಅಕ್ಷರಗಳಿವೆ. ಅದರಲ್ಲಿ ನಮ್ಮ ಕಿಟಕಿಗೆ ಕೊಟ್ಟಿರುವ ಓದು ನಾಲ್ಕೇ: ನಿಚಿ, ಜಿತ್ಸು, ಹಿ, ಕ. ‘ಬಿ’ ಬೇರೆ ಓದಲ್ಲ. ಅದು ಹಿ-ಯೇ, ಸಮಾಸದಲ್ಲಿ ವೇಷ ಬದಲಿಸಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಂಗ್ಲಿಷ್ ಪಠ್ಯಪುಸ್ತಕಗಳು ಅರ್ಧ ಪುಟ ಕಷ್ಟಪಟ್ಟು ವಿವರಿಸುವ ಈ ಸಂಗತಿ ಕನ್ನಡಿಗರಿಗೆ ಪ್ರೌಢಶಾಲೆಯ ವ್ಯಾಕರಣ. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ಕ-ತ-ಪಗಳು ಗ-ದ-ಬಗಳಾಗುವ ಆದೇಶ ಸಂಧಿ. ಜಪಾನಿಯರು ಇದನ್ನು ‘ರೆಂದಕು’ ಎನ್ನುತ್ತಾರೆ. ಆದರೆ ‘ಹ’ ಹೇಗೆ ‘ಬ’ ಆಯಿತು? ಆ ಉತ್ತರವೂ ನಮ್ಮ ಮನೆಯಲ್ಲೇ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪನಿ ಹನಿಯಾಯಿತು. ಒಂಟಿಯಾಗಿ ನಿಂತ ಪನಿ ಹನಿಯಾದರೂ ಸಮಾಸದೊಳಗೆ ಕೂತಿದ್ದ ಕಂಬನಿ ಹಾಗೇ ಉಳಿಯಿತು. ಹಳೆಯ ಜಪಾನಿಯಲ್ಲೂ ಸೂರ್ಯನಿಗೆ ಇದ್ದ ಮಾತು ‘ಪಿ’. ಒಂಟಿಯಾಗಿ ಅದು ಹಿ ಆಯಿತು, ಸಮಾಸದಲ್ಲಿ ಬಿ ಆಗಿ ನಿಂತಿತು. ಹುಟ್ಟುಹಬ್ಬ ‘ತಂಜೋಬಿ’. ಹನಿ–ಕಂಬನಿ, ಹಿ–ತಂಜೋಬಿ. ಎರಡು ಭಾಷೆಗಳಿಗೆ ನೆಂಟಸ್ತನ ಇದೆ ಎಂದು ಇದರಿಂದ ತೀರ್ಮಾನಿಸಬೇಡಿ. ಪ ಸವೆದು ಹ ಆಗುವುದು ಲೋಕದ ಹಲವು ಭಾಷೆಗಳಲ್ಲಿ ಆಗಿದೆ. ಕಲಿಯುವವರಿಗೆ ಮಾತ್ರ ಇದು ಪುಕ್ಕಟೆ ಸಿಕ್ಕ ಅನುಕೂಲ.

ಅರ್ಥದಲ್ಲೂ ಇಂಥದೇ ಅನುಕೂಲ. ಹಿ ಎಂದರೆ ಸೂರ್ಯನೂ ಹೌದು, ದಿನವೂ ಹೌದು. ನಮ್ಮ ಹಳ್ಳಿಗಳಲ್ಲಿ ‘ಹೊತ್ತು ಹುಟ್ಟೋ ಮುಂಚೆ ಎದ್ದ’ ಎಂದರೆ ಹೊತ್ತು ಸೂರ್ಯ, ‘ಊಟದ ಹೊತ್ತು’ ಎಂದರೆ ಕಾಲ. ಜಪಾನಿಯ ‘ತ್ಸುಕಿ’ ಚಂದ್ರನೂ ಹೌದು, ಮಾಸವೂ ಹೌದು. ನಮ್ಮ ತಿಂಗಳಿನ ಹಾಗೆ. ಡಿಕ್ಷನರಿಯಲ್ಲಿ ಇದು ಎರಡು ಅರ್ಥಗಳಾಗಿ ಕಾಣುತ್ತದೆ. ನಿಮಗೆ ಹಾಗೆ ಕಾಣಬೇಕಿಲ್ಲ.

ನಿಚಿ, ಜಿತ್ಸುಗಳ ಕತೆ ಬೇರೆ. ಅವೆರಡೂ ಚೀನಾದ ಒಂದೇ ಪದ, ಬೇರೆ ಬೇರೆ ಕಾಲದಲ್ಲಿ ಬೇರೆ ದಾರಿಯಿಂದ ಬಂದವು. ಸುಮಾರು ಐದು-ಆರನೇ ಶತಮಾನದಲ್ಲಿ ದಕ್ಷಿಣ ಚೀನಾದ ಉಚ್ಚಾರಣೆ, ಬಹುಪಾಲು ಬೌದ್ಧ ಗ್ರಂಥಗಳ ಜೊತೆ, ಬಂದಾಗ ‘ನಿಚಿ’. ಆಮೇಲೆ ಚೀನಾದ ತಾಂಗ್ ಅರಸರ ರಾಜಧಾನಿ ಛಾಂಗಾನ್‌ಗೆ ಹೋದ ರಾಯಭಾರಿಗಳೂ ಭಿಕ್ಷುಗಳೂ ಹೊಸ ಉಚ್ಚಾರಣೆ ಹೊತ್ತು ತಂದರು. ಅಷ್ಟರಲ್ಲಿ ಅಲ್ಲಿಯ ‘ನ’ಕಾರ ‘ಜ’ಕಾರದ ಕಡೆಗೆ ಜಾರಿತ್ತು, ಹಾಗಾಗಿ ‘ಜಿತ್ಸು’. ಜಪಾನಿಯರು ಹೊಸದನ್ನು ಸೇರಿಸಿಕೊಂಡರು, ಹಳೆಯದನ್ನು ಬಿಡಲಿಲ್ಲ. ನಾವು ಪ್ರಾಕೃತದ ದಾರಿಯಲ್ಲಿ ಬಂದ ಕಜ್ಜವನ್ನೂ ಸಂಸ್ಕೃತದಿಂದ ನೇರವಾಗಿ ಬಂದ ಕಾರ್ಯವನ್ನೂ ಇಟ್ಟುಕೊಂಡ ಹಾಗೆ. ಅಂದಹಾಗೆ ನಾವು ‘ಜಪಾನ್’ ಎನ್ನುವಾಗಿನ ಮೊದಲ ‘ಜ’ ಕೂಡ ಇದೇ ಕಿಟಕಿ. ‘ಸೂರ್ಯ–ಮೂಲ’ ಎಂಬ ಎರಡು ಅಕ್ಷರಗಳ ಚೀನೀ ಉಚ್ಚಾರಣೆ ನಾವಿಕರ ಬಾಯಲ್ಲಿ ಸುತ್ತಿ ಸುತ್ತಿ ಯುರೋಪು ಮುಟ್ಟಿ, ಅಲ್ಲಿಂದ ನಮ್ಮಲ್ಲಿಗೆ ಬಂತು. ಸ್ವಂತ ದೇಶದ ಹೆಸರು ನಿಹೊನ್ನೋ ನಿಪ್ಪೊನ್ನೋ ಎಂಬುದನ್ನು ಜಪಾನಿಯರೇ ಒಂದು ಮಾಡಿಕೊಂಡಿಲ್ಲ. ಟೋಕಿಯೋದಲ್ಲಿ ನಿಹೊನ್‌ಬಾಶಿ, ಒಸಾಕಾದಲ್ಲಿ ನಿಪ್ಪೊನ್‌ಬಾಶಿ, ಬರೆಯುವುದು ಅವೇ ಮೂರು ಅಕ್ಷರ. ಯಾವುದಾದರೊಂದನ್ನು ಗೊತ್ತುಮಾಡುವ ಅಗತ್ಯವಿಲ್ಲ ಎಂದು ಸರ್ಕಾರವೇ 2009ರಲ್ಲಿ ಹೇಳಿತು. ಹೀಗಿರುವಾಗ ಎಂಟೇ ತಿಂಗಳಿಗೆ ನೀವು ಸೋತೆ ಎನ್ನುವುದು ಅವಸರವಾಯಿತು.

ಉಳಿದದ್ದು ‘ಕ’. ಇದು ದಿನ ಎಣಿಸುವಾಗ ಬರುವ ಅಚ್ಚ ಜಪಾನಿ ಪ್ರತ್ಯಯ. ನಿಮ್ಮನ್ನು ಪೇಚಿಗೆ ಸಿಕ್ಕಿಸಿದ್ದು ಇದೇ. 2ರಿಂದ 10ರವರೆಗಿನ ತಾರೀಖುಗಳಿಗೆ ಇದು ಅಂಟುತ್ತದೆ: ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಯಿಕ, ನನೊಕ, ಯೋಕ, ಕೊಕೊನೊಕ, ತೋಕ. ಆಮೇಲೆ 14ಕ್ಕೆ ಜೂಯೊಕ್ಕ, 24ಕ್ಕೆ ನಿಜೂಯೊಕ್ಕ, ನಿಮ್ಮ 20ಕ್ಕೆ ‘ಹತ್ಸುಕ’. 1ನೇ ತಾರೀಖು ಮಾತ್ರ ‘ತ್ಸುಯಿತಚಿ’, ತ್ಸುಕಿ-ತಚಿ ಸವೆದು ಆದದ್ದು, ಅಂದರೆ ತಿಂಗಳು ಮೂಡುವುದು. ಉಳಿದ 18 ತಾರೀಖುಗಳೂ ಅಂಕಿಗೆ ನಿಚಿ ಸೇರಿಸಿದರೆ ಮುಗಿಯಿತು. ಬಾಯಿಪಾಠಕ್ಕೆ ಯೋಗ್ಯವಾದದ್ದು ಇಡೀ ಪ್ರಕರಣದಲ್ಲಿ ಈ ಹದಿಮೂರು ಮಾತು ಮಾತ್ರ. ಮಗ್ಗಿಯ ಹಾಗೆ ರಾಗವಾಗಿ ಹೇಳಿ ಕಲಿಯಿರಿ, ನಾಚಿಕೆಪಡಬೇಡಿ.

ಯೊಕ್ಕ, ಯೋಕಗಳ ಬಗ್ಗೆ ನನ್ನದೇ ಒಂದು ಅನುಭವ. ದುಭಾಷಿಯಾಗಿದ್ದ ಮೊದಲ ವರ್ಷ, ಫೋನಿನಲ್ಲಿ 4ನೇ ತಾರೀಖು ಎಂದದ್ದನ್ನು 8 ಎಂದು ಕೇಳಿಸಿಕೊಂಡು ಲಾರಿಗೆ ಹೇಳಿಕಳಿಸಿದೆ. ನಾಲ್ಕು ದಿನ ಸರಕು ಶೆಡ್ಡಿನಲ್ಲೇ ಕೂತಿತು. ಬೈಗುಳ ಎರಡು ಭಾಷೆಯಲ್ಲಿ ಬಂತು, ಎರಡನ್ನೂ ನಾನೇ ಅನುವಾದ ಮಾಡಬೇಕಾಯಿತು. ತಪ್ಪು ನನ್ನ ಕಿವಿಯದಲ್ಲ, ನೋಟ್ ಪುಸ್ತಕದ್ದು. ನಾನು ರೋಮನ್ ಅಕ್ಷರದಲ್ಲಿ ಬರೆದುಕೊಂಡು ಕಲಿತಿದ್ದೆ, ಅದರಲ್ಲಿ ದೀರ್ಘ–ಹ್ರಸ್ವ ಕಳೆದುಹೋಗಿತ್ತು. ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಯೊಕ್ಕ ಬೇರೆ, ಯೋಕ ಬೇರೆ ಎಂದು ಕಣ್ಣಿಗೇ ಹೊಡೆಯುತ್ತಿತ್ತು. ಒತ್ತಕ್ಷರ, ಒ–ಓ ವ್ಯತ್ಯಾಸ ಎರಡೂ ಇರುವ ಲಿಪಿ ನಮ್ಮದು, ಬಳಸಿಕೊಳ್ಳಿ. ಕಾನಾ, ಅಂದರೆ ಹಿರಗಾನ-ಕತಕಾನ, ಪೂರ್ತಿ ಕೈಹಿಡಿದ ಮೇಲೆ ಅದಕ್ಕೇ ಬದಲಾಯಿಸಿ.

ಈಗ ನಿಮಗೆ ಬಂದಿರುವ ಸಲಹೆಗಳು.

ಚಿತ್ರಕಥೆಯ ದಾರಿ. ಕಿಟಕಿಯ ಮಟ್ಟಿಗೆ ಚಿತ್ರ ನಿಜ. ಮೂರು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಚೀನಾದಲ್ಲಿ ಶಕುನ ಕೇಳಲು ಮೂಳೆ, ಆಮೆಚಿಪ್ಪಿನ ಮೇಲೆ ಕೆತ್ತಿದ ಬರಹಗಳಲ್ಲಿ ಸೂರ್ಯ ಒಂದು ದುಂಡು, ಒಳಗೆ ಚುಕ್ಕೆ ಅಥವಾ ಗೆರೆ. ಮೂಳೆಯ ಮೇಲೆ ದುಂಡಗೆ ಕೆತ್ತುವುದು ಕಷ್ಟವಾದ್ದರಿಂದ ಆಗಲೇ ಮೂಲೆಗಳು ಮೂಡಿದ್ದವು. ಆದರೆ ಇಂಥ ಚಿತ್ರಾಕ್ಷರಗಳು ಒಟ್ಟಿನಲ್ಲಿ ಸ್ವಲ್ಪವೇ. ಬಹುಪಾಲು ಕಾಂಜಿಗಳಲ್ಲಿ ಒಂದು ತುಂಡು ಅರ್ಥದ ಸುಳಿವು, ಇನ್ನೊಂದು ಶಬ್ದದ ಸುಳಿವು. ‘ಸಮಯ’ ಎಂಬ ಅಕ್ಷರದಲ್ಲಿ ಎಡಕ್ಕೆ ಕಿಟಕಿ, ಬಲಕ್ಕೆ ‘ದೇವಾಲಯ’. ಗುಡಿಯ ಗಂಟೆ ಹೊತ್ತು ತಿಳಿಸಿತು ಎಂದು ಕತೆ ಕಟ್ಟುತ್ತಾರೆ, ಚೆನ್ನಾಗಿಯೂ ಇದೆ. ಆದರೆ ಅದೇ ದೇವಾಲಯ ‘ಹಿಡಿ’ ಎಂಬ ಅಕ್ಷರದಲ್ಲಿ ಕೈಯ ಪಕ್ಕದಲ್ಲಿದೆ, ‘ಸಮುರಾಯಿ’ಯಲ್ಲಿ ಮನುಷ್ಯನ ಪಕ್ಕದಲ್ಲಿದೆ. ಪ್ರತಿಯೊಂದಕ್ಕೂ ಹೊಸ ಗಂಟೆ ಬಾರಿಸುತ್ತಾ ಕೂರುತ್ತೀರಾ? ದೇವಾಲಯದ ಅಕ್ಷರಕ್ಕೆ ಚೀನೀ ಮೂಲದ ಓದು ‘ಜಿ’, ಈ ಮೂರಕ್ಕೂ ‘ಜಿ’. ಅದು ಅಲ್ಲಿರುವುದು ಶಬ್ದಕ್ಕೆ. ಇನ್ನು ‘ಪೂರ್ವ’ ಎಂಬ ಅಕ್ಷರ ಮರದ ಹಿಂದಿನಿಂದ ಹುಟ್ಟುವ ಸೂರ್ಯ ಎಂದು ಎಲ್ಲ ಕಡೆ ಹೇಳುತ್ತಾರಲ್ಲ, ಹಳೆಯ ರೂಪ ನೋಡಿದರೆ ಅದು ಎರಡೂ ತುದಿ ಕಟ್ಟಿದ ಚೀಲ ಎಂಬುದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮೊದಲ ನೂರು ಅಕ್ಷರಕ್ಕೆ ಕತೆ ಬಳಸಿ, ನೆನಪಿಗೆ ಅಷ್ಟೇ. ಈ ದಾರಿಯಲ್ಲೇ ಮುಂದುವರಿದವರು ಸಾವಿರ ಅಕ್ಷರದ ಅರ್ಥ ಹೇಳುತ್ತಾರೆ, ಒಂದು ಸಾಲು ಗಟ್ಟಿಯಾಗಿ ಓದಲು ತಡವರಿಸುತ್ತಾರೆ.

ಆ್ಯಪಿನ ಬಗ್ಗೆ ನನಗೆ ವಿರೋಧವಿಲ್ಲ. ಆದರೆ ಒಂದು ವಾರ ತೆರೆಯದಿದ್ದರೆ ಬಾಕಿ ಕಾರ್ಡುಗಳು ಬಡ್ಡಿಯ ಹಾಗೆ ಬೆಳೆಯುತ್ತವೆ, ಮತ್ತೆ ತೆರೆಯುವುದಕ್ಕೇ ಭಯವಾಗುತ್ತದೆ. ನಾವು ಆರಂಭಶೂರ ಎನ್ನುವವನಿಗೆ ಜಪಾನಿಯಲ್ಲಿ ‘ಮಿಕ್ಕ ಬೋಜು’ ಎನ್ನುತ್ತಾರೆ, ಮೂರೇ ದಿನದ ಸನ್ಯಾಸಿ. ಆ ಮಿಕ್ಕ ನಮ್ಮ ಕಿಟಕಿಯದೇ. ದಿನಕ್ಕೆ ಐದು ಹೊಸ ಪದ ಸಾಕು, ಮತ್ತು ಕಾರ್ಡಿನ ಮುಂದೆ ಒಂಟಿ ಅಕ್ಷರ ಇರಬಾರದು, ಪದ ಇರಬೇಕು.

ಬರವಣಿಗೆ ಬಿಡಬೇಕೇ? ಎನ್5ರಿಂದ ಎನ್1ರವರೆಗೆ ಯಾವ ಹಂತದಲ್ಲೂ ಕೈಬರಹ ಕೇಳುವುದಿಲ್ಲ, ಎಲ್ಲವೂ ಆಯ್ಕೆಯ ಉತ್ತರ. ಆದ್ದರಿಂದ ಬಿಟ್ಟರೂ ಪಾಸಾಗಬಹುದು. ಅಪಾಯ ಬೇರೆ ಕಡೆ ಇದೆ. ಕಿಟಕಿಯೊಳಗೆ ಇನ್ನೊಂದು ಪಟ್ಟಿ ಸೇರಿದರೆ ‘ಕಣ್ಣು’. ತಲೆಯ ಮೇಲೆ ಚಿಕ್ಕ ಗೀಟು ಬಂದರೆ ‘ಬಿಳಿ’. ಕೆಳಗೆ ಅಡ್ಡಗೆರೆ ಎಳೆದರೆ ‘ಮುಂಜಾವು’, ಎಡಕ್ಕೊಂದು ಕೋಲು ನಿಲ್ಲಿಸಿದರೆ ‘ಹಳೆಯದು’. ಕನ್ನಡ ಕಲಿಯುವ ಹೊರಗಿನವರಿಗೆ ವ, ಮ, ಪ, ಷ ಒಂದೇ ಥರ ಕಾಣುವ ಹಾಗೆ ಇವು ಬರೆಯದ ಕಣ್ಣಿಗೆ ಒಂದರೊಳಗೊಂದು ಕಲಸಿಹೋಗುತ್ತವೆ. ನೂರು ಸಲ ಬೇಡ. ಹತ್ತನೇ ಸಲದಿಂದಾಚೆ ಕೈ ಬರೆಯುತ್ತಿರುತ್ತದೆ, ಮನಸ್ಸು ಅಡುಗೆಮನೆಯಲ್ಲಿರುತ್ತದೆ. ಗೆರೆಗಳ ಕ್ರಮ ಸರಿಯಾಗಿ ನಾಲ್ಕೈದು ಸಲ ಬರೆಯಿರಿ: ಎಡಗಡೆಯ ನಿಂತ ಗೆರೆ, ಮೇಲಿನ ಅಡ್ಡಗೆರೆ ಬಲಕ್ಕೆ ಹೋಗಿ ಎತ್ತದೇ ಕೆಳಕ್ಕೆ, ನಡುವಿನ ಪಟ್ಟಿ, ಕೊನೆಗೆ ಕೆಳಗಿನ ಬಾಗಿಲು ಮುಚ್ಚಿ. ಮೂರು ದಿನ ಬಿಟ್ಟು ನೋಡದೇ ಮತ್ತೊಮ್ಮೆ.

ನಾನು ಕಲಿಸುವುದು ಪದಗಳ ಮೂಲಕ. ನಿಧಾನದ ದಾರಿ, ಮೊದಲ ಎರಡು ತಿಂಗಳು ‘ನನಗೆಷ್ಟು ಕಾಂಜಿ ಬರುತ್ತದೆ’ ಎಂದು ಹೇಳಿಕೊಳ್ಳಲು ಸಂಖ್ಯೆಯೇ ಸಿಗುವುದಿಲ್ಲ, ಕೆಲವರು ಅಷ್ಟಕ್ಕೇ ಬಿಟ್ಟುಹೋಗುತ್ತಾರೆ. ಆದರೆ ಜಪಾನಿನ ಮಕ್ಕಳು ಕಲಿಯುವುದೂ ಹೀಗೇ. ಒಂದನೇ ತರಗತಿಯ 80 ಅಕ್ಷರಗಳಲ್ಲಿ ಈ ಕಿಟಕಿಯೂ ಒಂದು. ಆ ಮಗುವಿಗೆ ಕ್ಯೋ, ಹತ್ಸುಕ, ತಂಜೋಬಿ ಬಾಯಲ್ಲಿ ಮೊದಲೇ ಇವೆ, ಶಾಲೆಯಲ್ಲಿ ಅವಕ್ಕೆ ಚೀಟಿ ಅಂಟಿಸುತ್ತಾರೆ ಅಷ್ಟೇ. ನೀವು ಶಬ್ದ, ಅರ್ಥ, ರೂಪ ಮೂರನ್ನೂ ಒಂದೇ ಏಟಿಗೆ ಕಲಿಯಲು ಹೊರಟಿರಿ. ಎಡವಿದ್ದು ಅಲ್ಲಿ.

ನಿಮಗೆ ಎಷ್ಟು ಪದ ಆಗಲೇ ಗೊತ್ತಿದೆ ನೋಡಿ. ಕೆರೆ ಹೂಳೆತ್ತಲು ‘ಹಿಟಾಚಿ’ ತರಿಸುತ್ತಾರಲ್ಲ, ಅದರ ಮೊದಲ ‘ಹಿ’ ಈ ಕಿಟಕಿ. ಸೂರ್ಯ ಏಳುವುದು ಎಂಬ ಅಕ್ಷರಗಳ ಊರಿನ ಹೆಸರು, ಕಂಪನಿ ಹುಟ್ಟಿದ ಊರು. ನಿಸ್ಸಾನ್ ಎಂದರೆ ‘ನಿಹೊನ್ ಸಾಂಗ್ಯೋ’ ಎಂಬುದರ ಮೊಟಕು, ಅಲ್ಲಿ ನಿಚಿ ಮುಂದಿನ ಸಕಾರಕ್ಕೆ ಒತ್ತಾಗಿ ಕರಗಿದೆ. ಕ್ಯಾಮೆರಾದ ನಿಕಾನ್ ಕೂಡ ‘ನಿಪ್ಪೊನ್ ಕೋಗಾಕು’ವಿನ ತುಣುಕು. ನಿಚಿ ಮುಂದೆ ಕ, ಸ, ತ, ಪ ಬಂದರೆ ಹೀಗೆ ಒತ್ತಕ್ಷರವಾಗುತ್ತದೆ. ನಿಮ್ಮ ಮೇಜಿನ ಮೇಲಿನ ದಿನದ ವರದಿ ‘ನಿಪ್ಪೋ’, ವೇಳಾಪಟ್ಟಿ ‘ನಿತ್ತೇ’, ಹಗಲು ಪಾಳಿ ‘ನಿಕ್ಕಿನ್’. ಜಿತ್ಸು ಹೆಚ್ಚಾಗಿ ‘ಇಂಥ ದಿನ’ ಎಂದು ಗುರುತಿಸುವ ಕಡೆ ಪದದ ಕೊನೆಯಲ್ಲಿ ಬರುತ್ತದೆ: ರಜಾದಿನ ‘ಕ್ಯೂಜಿತ್ಸು’, ಗಡುವು ‘ಕಿಜಿತ್ಸು’, ಅದೇ ದಿನ ‘ತೋಜಿತ್ಸು’. ತಾರೀಖು ಎಂಬ ಪದವೇ ‘ಹಿಜುಕೆ’. ಪತ್ರಿಕೆಯ ತಲೆಬರಹದಲ್ಲಿ ಜಪಾನ್–ಭಾರತ ಸಂಬಂಧ ಎಂದರೆ ‘ನಿಚಿ-ಇನ್’. ಕ್ಯಾಲೆಂಡರಿನ ತಲೆಯ ಮೇಲೆ ಕಿಟಕಿ ಒಂಟಿಯಾಗಿ ಕಂಡರೆ ಅದು ಭಾನುವಾರ.

ಭಾನುವಾರದ ಪೂರ್ಣ ಹೆಸರು ‘ನಿಚಿಯೋಬಿ’. ಮೂರು ಅಕ್ಷರ, ಮೊದಲನೆಯದೂ ಕೊನೆಯದೂ ಕಿಟಕಿಯೇ, ಒಂದು ನಿಚಿ, ಇನ್ನೊಂದು ಬಿ. ನಡುವಿನದ್ದು ಹೊಳೆಯುವ ಗ್ರಹ. ಸೂರ್ಯ–ಗ್ರಹ–ದಿನ, ಭಾನು–ವಾರ. ಇದು ಕಾಕತಾಳೀಯವಲ್ಲ. ಎಂಟನೇ ಶತಮಾನದಲ್ಲಿ ಅಮೋಘವಜ್ರನೆಂಬ ಬೌದ್ಧ ಆಚಾರ್ಯ ಗ್ರಹ-ನಕ್ಷತ್ರಗಳ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದ. ಚೀನಾಕ್ಕೆ ಓದಲು ಹೋಗಿದ್ದ ಜಪಾನಿನ ಭಿಕ್ಷು ಕೂಕಾಯಿ 806ರಲ್ಲಿ ಮರಳುವಾಗ ಅದನ್ನು ಒಯ್ದ. ಅಲ್ಲಿಂದ ಪಂಚಾಂಗದಲ್ಲಿ ಉಳಿದಿದ್ದ ವಾರಗಳು, 1876ರಲ್ಲಿ ಭಾನುವಾರ ಸರ್ಕಾರಿ ರಜೆಯಾದ ಮೇಲೆ ದಿನಬಳಕೆಗೆ ಇಳಿದವು. ಹಾಗಾಗಿ ಸೋಮವಾರ ಅಲ್ಲೂ ಚಂದ್ರನದೇ. ಮಂಗಳವಾರಕ್ಕೆ ಬೆಂಕಿಯ ಅಕ್ಷರ. ಅದು ಚೀನಾದ ಐದು ಮೂಲಧಾತುಗಳ ಲೆಕ್ಕದಿಂದ ಬಂದದ್ದು, ಆದರೂ ಅಂಗಾರಕ ಎಂಬ ಹೆಸರು ನೆನೆದರೆ ಬೆಂಕಿ ಮರೆಯುವುದಿಲ್ಲ.

ಒಂದು ಅಭ್ಯಾಸ ಕೊಡುತ್ತೇನೆ. 2023ರ ಜನವರಿ 1 ಭಾನುವಾರವಾಗಿತ್ತು, ಜಪಾನಿನಲ್ಲಿ ಅದು ಹಬ್ಬದ ರಜೆಯೂ ಹೌದು. ‘ಇಚಿಗತ್ಸು ತ್ಸುಯಿತಚಿ ವ ನಿಚಿಯೋಬಿ ದೆ, ಶುಕುಜಿತ್ಸು ದೆ, ಹರೆ ನೊ ಹಿ ದೆಶಿತ.’ ಜನವರಿ ಒಂದು ಭಾನುವಾರ, ಹಬ್ಬದ ರಜೆ, ತಿಳಿಯಾದ ದಿನವಾಗಿತ್ತು. ಕಾಂಜಿಯಲ್ಲಿ ಬರೆದರೆ ಕಿಟಕಿ ಐದು ಸಲ ಬರುತ್ತದೆ, ಒಂದು ಸಲ ಓದಿದ ಹಾಗೆ ಇನ್ನೊಂದು ಸಲ ಇಲ್ಲ. ಪಟ್ಟಿಯನ್ನು ಹರಿದುಹಾಕಿ ಈ ಒಂದು ವಾಕ್ಯ ಗೋಡೆಗೆ ಅಂಟಿಸಿಕೊಳ್ಳಿ.

ಎನ್5 ವಿಷಯ: ಕೂತುಕೊಳ್ಳಿ. ಇಷ್ಟೇ ಕಾಂಜಿ ಎಂಬ ಅಧಿಕೃತ ಪಟ್ಟಿಯನ್ನು 2010ರ ಹೊಸ ಮಾದರಿಯ ನಂತರ ಪ್ರಕಟಿಸುತ್ತಿಲ್ಲ, ಅಂಗಡಿಯಲ್ಲಿ ಸಿಗುವುದೆಲ್ಲ ಅಂದಾಜಿನವು. ನೂರರ ಆಸುಪಾಸಿನ ಅಕ್ಷರಗಳನ್ನು ಪದಗಳ ಸಮೇತ ಗುರುತಿಸಲು ಬಂದರೆ ಆ ಭಾಗಕ್ಕೆ ಸಾಕಾಗುತ್ತದೆ. ಬೆಂಗಳೂರಿನಲ್ಲೇ ಕೇಂದ್ರವಿದೆ. ಅರ್ಜಿಯ ಅವಧಿ ಪರೀಕ್ಷೆಗೆ ತಿಂಗಳುಗಳ ಮುಂಚೆಯೇ ಮುಗಿಯುತ್ತದೆ, ನನ್ನ ಅರ್ಧ ವಿದ್ಯಾರ್ಥಿಗಳು ಕಾಂಜಿಯಲ್ಲಿ ಸೋಲುವ ಮೊದಲು ಅಲ್ಲೇ ಸೋಲುತ್ತಾರೆ.

ಮತ್ತೆ ತರಗತಿಯಲ್ಲಿ ಹುಟ್ಟಿದ ತಾರೀಖು ಕೇಳಿದರೆ ‘ಹತ್ಸುಕ ದೆಸು’ ಎನ್ನಿ. ನಕ್ಕವರಲ್ಲಿ ಒಬ್ಬರಿಗೆ, 14 ಹೇಗೆ ಹೇಳುವುದೆಂದು ತಿರುಗಿ ಕೇಳಿ ನೋಡಿ.